ಖಾಲಿ ಕೋಣೆಯ ಮೂವತ್ತು ಸೆಕೆಂಡು

ನಮ್ಮ ಅಂಗಡಿಗೆ ಆಡಿಯೋ ಇಂಟರ್‌ಫೇಸ್ ಕೊಳ್ಳಲು ಬರುವವರೆಲ್ಲ ಮಾಡುವುದು ಒಂದೇ. ಮೈಕು ಸಿಕ್ಕಿಸಿ ಹಲೋ ಹಲೋ ಎನ್ನುತ್ತಾರೆ, ಎರಡು ಸಾಲು ಹಾಡಿ ತಮ್ಮ ದನಿಗೆ ತಾವೇ ತಲೆದೂಗುತ್ತಾರೆ, ಕೊನೆಗೆ ಯಾವುದರಲ್ಲಿ ಹೆಚ್ಚು ದೀಪ ಮಿನುಗುತ್ತದೋ ಅದನ್ನು ಒಯ್ಯುತ್ತಾರೆ. ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಅಂಗೈಯಗಲದ ಪೆಟ್ಟಿಗೆ ಅದು. ಅದಕ್ಕೇಕೆ ಅಷ್ಟು ಬೆಡಗು? ಹದಿನೇಳು ವರ್ಷದಿಂದ ನೋಡಿ ನೋಡಿ ನನಗಂತೂ ಸಾಕಾಗಿದೆ.

ಒಂದು ಬುಧವಾರ ಬಂದ ಆ ಅಕ್ಕ ಮಾತ್ರ ಬೇರೆ. ಮೈಕನ್ನೇ ಸಿಕ್ಕಿಸದೆ, ಹೆಡ್‌ಫೋನ್ ಹಾಕಿಕೊಂಡು, ದನಿ ಹಿಗ್ಗಿಸುವ ಗೇನ್ ಗುಂಡಿಯನ್ನು ಪೂರ್ತಿ ತಿರುಗಿಸಿ, ಕಣ್ಣು ಮುಚ್ಚಿ ತೆಪ್ಪಗೆ ಕೂತರು.

"ಏನಾದ್ರೂ ಮಾತಾಡಿ ಅಕ್ಕಾ," ಅಂದೆ.

"ಮಾತಾಡಿದ್ರೆ ನನ್ನ ದನಿ ಕೇಳುತ್ತೆ. ನನಗೆ ಇದರ ದನಿ ಬೇಕು. ಸ್ವಲ್ಪ ಸುಮ್ನಿರಪ್ಪ."

ಮೂರು ಪೆಟ್ಟಿಗೆ ಕೇಳಿದರು. ಎರಡು ಮೈಕಿನದು, ದೀಪಗಳದ್ದು, "ಉಸ್ ಅಂತ ಉಸಿರು ಬಿಡುತ್ತೆ." ದೊಡ್ಡದು ಚೆನ್ನಾಗಿತ್ತು, ಆದರೆ ಬೆಲೆಯ ಚೀಟಿ ನೋಡಿದವರೇ ಹೆಡ್‌ಫೋನ್ ತೆಗೆದಿಟ್ಟರು. ಒಂದೇ ಮೈಕಿನ, ಯಾರೂ ತಿರುಗಿ ನೋಡದ ಪುಟಾಣಿಯನ್ನು ಕೈಗೆತ್ತಿಕೊಂಡು, "ಇದು ಬಾಯಿ ಮುಚ್ಕೊಂಡಿರುತ್ತೆ, ಇದನ್ನೇ ಕೊಡು" ಅಂದರು.

ಅಕ್ಕನ ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ದಿನಾ ಸಂಜೆ ಬಸ್ ನಿಲ್ದಾಣದಲ್ಲಿ ಕೇಳುವ ದನಿ. ಇಪ್ಪತ್ತೆರಡು ವರ್ಷ ಅಲ್ಲಿ ಪ್ರಕಟಣೆ ಓದುತ್ತಿದ್ದವರಂತೆ. ಒಮ್ಮೆ ನಿಲ್ದಾಣದವರು ಮೂರು ದಿನ ಕೂರಿಸಿ ಎಲ್ಲ ಊರಿನ ಹೆಸರು, ಎಲ್ಲ ಅಂಕಿ, ಎಲ್ಲ ಹೊತ್ತು ಓದಿಸಿ ಯಂತ್ರಕ್ಕೆ ತುಂಬಿಕೊಂಡರು. ನಾಲ್ಕನೇ ದಿನ ನೀವು ಬರುವುದು ಬೇಡ ಅಂದರು. "ನನ್ನ ಹೊಟ್ಟೆ ಮೇಲೆ ನನ್ನ ಕೈಯಲ್ಲೇ ಹೊಡೆಸಿದ್ರು ನೋಡು," ಎಂದು ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ.

ಅದೇ ವರ್ಷ ಅವರ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದರು. ಈಗ ಬುಧವಾರ ಒಂದು ಗಂಟೆ ಎದುರು ಮನೆಯಾಕೆ ಬಂದು ಕೂರುತ್ತಾರೆ. ಅಕ್ಕ ಹೊಸ್ತಿಲು ದಾಟುವುದು ಆಗ ಮಾತ್ರ. ಪುಸ್ತಕಗಳನ್ನು ಓದಿಸಿ ಕೇಳಿಸುವ ಒಂದು ಕಚೇರಿ, ಮನೆಯಲ್ಲೇ ಓದಿ ಕಳಿಸಿ, ಒಪ್ಪಿಗೆಯಾದರೆ ಓದಲು ಹನ್ನೆರಡು ಪುಸ್ತಕ ಕೊಡುತ್ತೇವೆ ಎಂದಿತ್ತು. ಶುಕ್ರವಾರ ಐದು ಗಂಟೆಯೊಳಗೆ ಹತ್ತು ಪುಟದ ಒಂದು ಅಧ್ಯಾಯ, ಕೊನೆಗೆ ಯಾರೂ ಮಾತಾಡದ ಖಾಲಿ ಕೋಣೆಯ ಮೂವತ್ತು ಸೆಕೆಂಡು. ತಪ್ಪು ಕತ್ತರಿಸಿದ ಕಡೆ ತೇಪೆ ಹಾಕಲು ಅದೇ ಕೋಣೆಯ ಮೌನ ಬೇಕು.

"ಇದೂ ಕೈತಪ್ಪಿದ್ರೆ ಮನೇಲಿ ಕೂತು ಮಾಡೋ ಕೆಲಸ ಇನ್ಯಾವುದಿದೆ ನನಗೆ?" ಅಂದರು.

ಇರುವೆ ನಡೆದರೂ ಹಿಡಿಯುವ ಮೈಕು ಕೊಟ್ಟೆ, ಐದು ಮೀಟರ್ ಕೇಬಲ್ಲೂ ಕೊಟ್ಟೆ. ಭಾರಿ ಜಾಣನಂತೆ! ಮನೆಯಲ್ಲಿ ಯಾರಿರುತ್ತಾರೆ, ಹೇಗಿರುತ್ತಾರೆ ಎಂದು ಒಂದು ಮಾತು ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಫೋನ್ ಬಂತು. "ಪೆಟ್ಟಿಗೆ ಸರಿ ಇದೆ, ಮನೆ ಕೆಟ್ಟಿದೆ. ಒಂದ್ಸಲ ಬಂದು ಹೋಗ್ತೀಯಾ?"

ಎರಡೇ ಕೋಣೆ. ಒಂದರಲ್ಲಿ ತಾಯಿಯ ಮಂಚ, ಪಕ್ಕದಲ್ಲಿ ಕಂಪ್ಯೂಟರು. ಇನ್ನೊಂದರಲ್ಲಿ ಗೋಡೆಯ ಬಟ್ಟೆ ಕಪಾಟು. ಹಲಗೆ ಕಿತ್ತು, ಒಳಗೆ ಸ್ಟೂಲು ಹಾಕಿ, ನೇತಾಡುವ ಸೀರೆಗಳ ನಡುವೆ ಮುದುರಿ ಕೂತು ಬಾಗಿಲೆಳೆದುಕೊಂಡು ಓದುತ್ತಿದ್ದರು. ಬಾಗಿಲ ಸಂದಿಯಿಂದ ಕೇಬಲ್ ಹೊರಬಿದ್ದು ಪೆಟ್ಟಿಗೆ ಸೇರಿತ್ತು.

"ನಾನು ಬಚ್ಚಲಿಗೆ ಹೋದ್ರೂ ಅಮ್ಮನಿಗೆ ಬಾಗಿಲು ಅರ್ಧ ತೆಗೆದಿರ್ಬೇಕು. ಈ ಮನೇಲಿ ನಾನು ಮುಚ್ಕೊಳ್ಳೋಕೆ ಇರೋದು ಇದೊಂದೇ ಬಾಗಿಲು," ಅಂದರು.

ಅಷ್ಟರಲ್ಲಿ ಒಳಗಿಂದ, "ಏನೇ, ಇದ್ದೀಯಾ?"

"ಇದ್ದೀನಮ್ಮಾ."

ನೀರಲ್ಲ, ಮಾತ್ರೆಯಲ್ಲ. ಇದ್ದೀಯಾ ಅಂತ ಅಷ್ಟೇ. ನಾನಿದ್ದ ಮೊದಲ ಹತ್ತು ನಿಮಿಷದಲ್ಲಿ ಏಳು ಸಲ. ಅಧ್ಯಾಯವನ್ನು ತುಂಡು ತುಂಡಾಗಿ ಓದಿ ಮುಗಿಸಿದ್ದರು. ಮೂವತ್ತು ಸೆಕೆಂಡಿನ ಮೌನ ಮಾತ್ರ ಎರಡು ದಿನದಿಂದ ಸಿಕ್ಕಿರಲಿಲ್ಲ.

ನಾನು ಅಜ್ಜಿಯ ಪಕ್ಕ ಕೂತು ವಿಷಯ ಹೇಳಿದೆ. "ನಾನೇನು ಕೂಸಾ? ಸುಮ್ನಿರ್ತೀನಿ ಹೋಗು," ಎಂದು ಗದರಿದರು. ಹನ್ನೆರಡನೇ ಸೆಕೆಂಡಿಗೆ "ಆಯ್ತಾ?" ಎಂದರು. ಮತ್ತೆ ಶುರು ಮಾಡಿದೆವು. ಹತ್ತೊಂಬತ್ತಕ್ಕೆ "ಇದ್ದೀಯಾ?" ಕಪಾಟಿನೊಳಗಿಂದ, "ಅಮ್ಮಾ, ನಿನ್ನ ದಮ್ಮಯ್ಯ!" ಎಂಬ ಕೂಗು. ಅಜ್ಜಿಯ ಮುಖ ಇಳಿದುಹೋಯಿತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ತುಟಿ ಕಚ್ಚಿಕೊಂಡರು.

ಮೂರನೇ ಸಲ. ಪರದೆಯ ಮೇಲೆ ಹತ್ತು, ಹದಿನೈದು, ಇಪ್ಪತ್ತು. ಅಜ್ಜಿಯ ಉಗುರು ನನ್ನ ಕೈಗೆ ನಾಟುತ್ತಿತ್ತು. ಇಪ್ಪತ್ತೈದು. ದೇವರೇ, ಇನ್ನು ಐದೇ ಐದು!

"ಅಮ್ಮಾ? ಅಮ್ಮಾ, ಇದ್ದೀಯಾ?"

ಕೂಗಿದ್ದು ಅಕ್ಕ.

"ಅಯ್ಯೋ ನಿನ್ನ! ನಾನು ಸುಮ್ನಿದ್ದೆ ಕಣೇ! ನೀನೇ ಹಾಳು ಮಾಡ್ದೆ!" ಎಂದು ಅಜ್ಜಿ ಅರಚಿದರು. ನಾನು ನಕ್ಕೆ. ಅಕ್ಕ ಕಪಾಟು ತಳ್ಳಿ ಓಡಿಬಂದಾಗ ಆ ಮುಖ ನೋಡಿ ನಗು ನಿಂತಿತು. ಹೆಡ್‌ಫೋನು ಕೊರಳಲ್ಲೇ ಇತ್ತು.

"ಇನ್ನೊಂದೇ ಸಲ ಅಕ್ಕಾ."

"ಆಗಲ್ಲಪ್ಪ. ಎರಡು ವರ್ಷದಿಂದ ಈ ಮನೆ ಒಂದು ನಿಮಿಷ ಸುಮ್ನಿರಲಿ ಅಂತ ಬೇಡ್ಕೊಂಡಿದೀನಿ. ಅದು ಸುಮ್ನಾದ್ರೆ ಹೀಗಿರುತ್ತೆ ಅಂತ ಗೊತ್ತಿರ್ಲಿಲ್ಲ."

ಯಾರೂ ಮಾತಾಡಲಿಲ್ಲ. ಆ ಮೌನವನ್ನಾದರೂ ಹಿಡಿಯಬಹುದಿತ್ತು, ನನಗೆ ಹೊಳೆಯಲಿಲ್ಲ. ಕೊನೆಗೆ ಅಜ್ಜಿಯೇ, "ಆ ಮೈಕನ್ನ ಇಲ್ಲಿಗೇ ತಾ. ನೀನು ಕಣ್ಣೆದುರಿಗಿದ್ರೆ ನಾನ್ಯಾಕೆ ಕೇಳ್ಲಿ?" ಅಂದರು.

ಈ ಕೋಣೆಯ ಮೌನ ಕಪಾಟಿನ ಓದಿಗೆ ಹೊಂದುವುದಿಲ್ಲ. ಹತ್ತೂ ಪುಟ ಮತ್ತೆ ಓದಬೇಕು, ಗಂಟೆ ಮೂರೂಕಾಲು. ಫ್ಯಾನ್ ನಿಲ್ಲಿಸಿದೆ, ಗದ್ದಲ ಮಾಡುವ ಕಂಪ್ಯೂಟರಿಗೆ ಕಂಬಳಿ ಅಡ್ಡ ಹಿಡಿದು ನಿಂತೆ. ಅಕ್ಕ ಮಂಚದ ಅಂಚಿನಲ್ಲಿ ಕೂತು, ಒಂದು ಕೈ ತಾಯಿಗೆ ಕೊಟ್ಟು, ಇನ್ನೊಂದರಲ್ಲಿ ಪುಟ ತಿರುಗಿಸುತ್ತ ಓದಿದರು. ಅಜ್ಜಿ ಒಮ್ಮೆಯೂ ಬಾಯಿ ಬಿಡಲಿಲ್ಲ. ಕೊನೆಯಲ್ಲಿ ಮೂವತ್ತು ಸೆಕೆಂಡು ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ತಪ್ಪು ಕತ್ತರಿಸಿ, ತೇಪೆ ಹಾಕಿ, ಐದಕ್ಕೆ ಎರಡು ನಿಮಿಷವಿದ್ದಾಗ ಕಳಿಸಿದೆವು.

ಮೂರು ವಾರದ ಮೇಲೆ, ಬುಧವಾರ, ಅಕ್ಕ ಅಂಗಡಿಗೆ ಬಂದರು. ಕೆಲಸ ಸಿಕ್ಕಿತ್ತು, ಹನ್ನೆರಡೂ ಪುಸ್ತಕ. ನಾನು ಕುಣಿಯುವುದೊಂದು ಬಾಕಿ. ಅವರು ಕೇಬಲ್ಲಿನ ಸುರುಳಿಯನ್ನು ಮೇಜಿನ ಮೇಲಿಟ್ಟರು.

"ಇದನ್ನ ತಗೊಂಡು ಚಿಕ್ಕದು ಕೊಡು."

"ಇರ್ಲಿ ಬಿಡಿ ಅಕ್ಕಾ. ಮುಂದೆ ಯಾವತ್ತಾದ್ರೂ ಕಪಾಟಲ್ಲಿ ಕೂತು..."

"ಹಲಗೆ ಹಾಕಿ ಬಟ್ಟೆ ತುಂಬಿಟ್ಟೆ. ಈಗ ದಿನಾ ಆರು ಗಂಟೆ ಓದು, ಅಷ್ಟೂ ಹೊತ್ತು ಅಮ್ಮ ಕೈ ಬಿಡೋದಿಲ್ಲ. ಓದು ಇಲ್ಲದಾಗ್ಲೂ ಬಿಡೋದಿಲ್ಲ." ಗೋಡೆ ಗಡಿಯಾರ ನೋಡಿದರು. ಅವರ ಬುಧವಾರದ ಒಂದು ಗಂಟೆಯಲ್ಲಿ ಇನ್ನು ಹದಿನೆಂಟು ನಿಮಿಷ ಉಳಿದಿತ್ತು.

ನಾನು ಎರಡು ಮೀಟರಿನದು ತೆಗೆದೆ. ಅವರು ಬೇಡವೆಂದು ತಲೆಯಾಡಿಸಿ, ಮೊಣಕೈಯಿಂದ ಬೆರಳ ತುದಿಯವರೆಗೆ ಅಳತೆ ತೋರಿಸಿದರು.

"ಇಷ್ಟಿದ್ರೆ ಸಾಕಪ್ಪ. ಎಲ್ಲಿಗೆ ಹೋಗ್ಬೇಕು ನಾನು?"