ವಿರೋಧಿಸುವವರೂ ಕೈ ಎತ್ತಿ

ನನ್ನ ತಮ್ಮನ ಹೆಂಡತಿ ನೆಡ್ರಾ ಥೋರಪ್ ಬಗ್ಗೆ ನಮ್ಮ ಸಾನ್‌ಪೀಟ್ ಕಣಿವೆಯಲ್ಲಿ ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಂಡನ ಚುನಾವಣೆಗೆ ಕಲ್ಲು ಹಾಕಿದವಳು ಎನ್ನುವವರೂ ಇದ್ದಾರೆ. ಅವರ ಬಾಯಿಗೆ ಬೀಗ ಹಾಕಲು ನನ್ನಿಂದಾಗದು. ಆದರೆ ಅದು ನಡೆದದ್ದು ನನ್ನ ಮನೆಯ ಹಜಾರದಲ್ಲಿ, ನಾನೇ ಹೊತ್ತು ತಂದು ಹಾಕಿದ ಮಡಚುವ ಕುರ್ಚಿಗಳ ನಡುವೆ. ಹಾಗಾಗಿ ಅವರ ಮಾತು ಕೇಳುವ ಮೊದಲು ನನ್ನ ಮಾತು ಕೇಳಿ.

ನೆಡ್ರಾ ಟರ್ಕಿ ಕೋಳಿ ಸಾಕುವವರ ಮಗಳು. ಹುಡುಗಿಯಾಗಿದ್ದಾಗಲೇ ಒಂದೊಂದು ಕೈಯಲ್ಲಿ ಒಂದೊಂದು ಕೋಳಿಯನ್ನು ತಲೆಕೆಳಗಾಗಿ ಹಿಡಿದು ಲಾರಿಗೆ ಎತ್ತಿಕೊಡುತ್ತಿದ್ದಳು. ಈಗ ವಾರವೆಲ್ಲ ಶಾಲೆಯ ಅಡುಗೆಮನೆ, ಭಾನುವಾರ ಚರ್ಚಿನಲ್ಲಿ ಆರ್ಗನ್. ಹಾಡು ಎಳೆದರೆ ಅವಳಿಗೆ ಆಗದು. ವಯಸ್ಸಾದವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿಗೆ ಹೋಗಿರುತ್ತಾಳೆ. ಚರ್ಚಿನಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಬ್ರದರ್, ಸಿಸ್ಟರ್. "ಸಿಸ್ಟರ್ ನೆಡ್ರಾ, ನಮ್ಮನ್ನ ಸ್ವರ್ಗಕ್ಕೆ ಓಡಿಸ್ಕೊಂಡೇ ಹೋಗ್ತೀಯಾ ಹೇಗೆ?" ಎಂದು ಲವಾರ್ ಮಿಕೆಲ್ಸನ್ ಅಜ್ಜ ಒಮ್ಮೆ ಕೇಳಿದ್ದಕ್ಕೆ, "ನಿಮ್ಗೆ ಟೈಮ್ ಕಮ್ಮಿ ಇದೆಯಲ್ಲ ಅಜ್ಜ, ಅದಕ್ಕೇ" ಎಂದಿದ್ದಳು. ಅಜ್ಜ ವಾರವೆಲ್ಲ ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ನಮ್ಮಲ್ಲಿ ಯಾರಿಗಾದರೂ ಚರ್ಚಿನ ಹೊಣೆ ಕೊಡುವಾಗ ಸಭೆಯ ಒಪ್ಪಿಗೆ ಕೇಳುತ್ತಾರೆ. ಒಪ್ಪುವವರು ಬಲಗೈ ಎತ್ತಿ ಎಂದರೆ ಎಲ್ಲರ ಕೈಯೂ ಏಳುತ್ತದೆ. ವಿರೋಧಿಸುವವರೂ ಹಾಗೇ ಕೈ ಎತ್ತಿ ಎಂದರೆ ಯಾರೂ ಎತ್ತುವುದಿಲ್ಲ. ಕೇಳಿದವರು ತಲೆ ಎತ್ತಿ ನೋಡುವುದೂ ಇಲ್ಲ, ಮುಂದಿನ ಹೆಸರಿಗೆ ಹೋಗಿರುತ್ತಾರೆ. ನೆಡ್ರಾ ಆರ್ಗನ್ನಿನ ಮುಂದೆ ಕೂತೇ ಹಾಗೆ ಎಷ್ಟೋ ಜನಕ್ಕೆ ಕೈ ಎತ್ತಿದ್ದಾಳೆ. ಗಂಡನಿಗೂ ಎತ್ತಿದ್ದಾಳೆ.

ಆ ಗಂಡ ಮಾರ್ಡನ್ ನನ್ನ ತಮ್ಮ. ಹೊಲಕ್ಕೆ ನೀರು ಚಿಮ್ಮಿಸುವ ಪೈಪುಗಳ ವ್ಯಾಪಾರ. ಕಣಿವೆಯ ನೀರು ನಗರದವರ ಪಾಲಾಗುತ್ತಿದೆ ಎಂದು ಸಿಟ್ಟು ಬಂದು ಶಾಸನಸಭೆಗೆ ನಿಂತ. ನಮ್ಮ ಕಡೆ ಪಕ್ಷ ಯಾರನ್ನು ಆರಿಸುತ್ತದೋ ಅವನು ಗೆದ್ದ ಹಾಗೆಯೇ. ಆರಿಸುವವರು ಪಕ್ಷದ ಪ್ರತಿನಿಧಿಗಳು, ಅಂದರೆ ನಮ್ಮ ನೆರೆಹೊರೆಯವರೇ. ನೀರಿನ ಮಾತು ಎಂದರೆ ತಲೆ ಆಡಿಸುತ್ತಿದ್ದರು. ಆಮೇಲೆ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಗರ್ಭಪಾತವನ್ನು ಪೂರ್ತಿ ನಿಲ್ಲಿಸುತ್ತೀಯಾ? ತಾಯಿಯ ಜೀವಕ್ಕೆ ಅಪಾಯ ಬಂದರೂ ವಿನಾಯಿತಿ ಇಲ್ಲ ಎನ್ನುತ್ತೀಯಾ?

ನಮ್ಮ ಚರ್ಚೂ ಗರ್ಭಪಾತವನ್ನು ಒಪ್ಪುವುದಿಲ್ಲ. ಆದರೆ ತಾಯಿಯ ಜೀವ ಹೋಗುವಂತಿದ್ದರೆ ಪ್ರಾರ್ಥಿಸಿ, ಬಿಷಪ್ಪರ ಜೊತೆ ಮಾತಾಡಿ, ನೀವೇ ತೀರ್ಮಾನಿಸಿ ಎನ್ನುತ್ತದೆ. ಆ ತೀರ್ಮಾನ ಮಾಡಿದವರು ಯಾರು ಅಂದರೆ ನನ್ನ ತಮ್ಮ ಮತ್ತು ಅವನ ಹೆಂಡತಿ.

ಹನ್ನೊಂದು ವರ್ಷದ ಹಿಂದೆ. ಐದನೆಯ ಬಸುರಿನ ನಾಲ್ಕನೇ ತಿಂಗಳಲ್ಲೇ ನೆಡ್ರಾಳ ಗರ್ಭದ ನೀರಿನ ಚೀಲ ಒಡೆಯಿತು. ಜ್ವರ ಏರಿತು, ನಂಜು ರಕ್ತಕ್ಕೆ ಇಳಿಯಿತು. ಮಗುವಿನ ಎದೆ ಇನ್ನೂ ಬಡಿಯುತ್ತಿತ್ತು. ಈಗ ತೆಗೆಯದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದರು ಡಾಕ್ಟರು. ನಾನು ಅಲ್ಲೇ ಇದ್ದೆ. ಮಾರ್ಡನ್ ಮತ್ತು ಆಗಿನ ಬಿಷಪ್ ಅವಳ ತಲೆಗೆ ಎಣ್ಣೆ ಮುಟ್ಟಿಸಿ, ನಾಲ್ಕು ಕೈಗಳನ್ನೂ ತಲೆಯ ಮೇಲಿಟ್ಟು ಆಶೀರ್ವಾದದ ಪ್ರಾರ್ಥನೆ ಮಾಡಿದರು. "ನೀನು ಬದುಕಿ ಈ ನಾಲ್ಕು ಮಕ್ಕಳನ್ನ ದೊಡ್ಡವರು ಮಾಡ್ತೀಯ" ಎಂದ ನನ್ನ ತಮ್ಮ. ಇಬ್ಬರೂ ಡಾಕ್ಟರಿಗೆ ಹೂಂ ಎಂದರು. ಊರಿಗೆ ಮಗು ಹೋಯಿತು ಎಂದಷ್ಟೇ ಹೇಳಿದೆವು. ನೆರೆಹೊರೆಯವರು ತಂದುಕೊಟ್ಟ, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯ ತಟ್ಟೆಗಳು ಮನೆ ತುಂಬಿದವು. ಯಾರೂ ಕೆದಕಿ ಕೇಳಲಿಲ್ಲ.

ಚುನಾವಣೆಗೆ ನಿಂತ ಮೇಲೆ, ಪ್ರತಿನಿಧಿಗಳನ್ನು ಒಬ್ಬೊಬ್ಬರ ಮನೆಯಲ್ಲಿ ಸೇರಿಸಿ ಮಾತಾಡುವಾಗ, ಮಾರ್ಡನ್ ಆ ಮಗುವಿನ ಮಾತು ತೆಗೆದ. ಮೊದಲ ಮನೆಯಲ್ಲಿ, ನಾವೂ ಒಂದು ಮಗುವನ್ನು ಕಳೆದುಕೊಂಡವರು ಎಂದ. ಎರಡನೆಯ ಮನೆಯಲ್ಲಿ, ಡಾಕ್ಟರು ತೆಗೆಯಿರಿ ಎಂದಿದ್ದರು ಎಂದ. ಮೂರನೆಯ ಮನೆಯಲ್ಲಿ, ನಾವು ಒಪ್ಪಲಿಲ್ಲ, ದೇವರಿಗೆ ಬಿಟ್ಟೆವು ಎಂದುಬಿಟ್ಟ. ಜನ ಕಣ್ಣು ಒರೆಸಿಕೊಂಡರು. ನೆಡ್ರಾ ಅವನ ಪಕ್ಕದಲ್ಲೇ ಕೂತಿದ್ದಳು. ನನ್ನ ತಮ್ಮನಾದರೂ ಹೇಳುತ್ತೇನೆ, ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು.

ನಾಲ್ಕನೆಯದು ನನ್ನ ಮನೆ. ಮಾರ್ಚ್ ತಿಂಗಳು, ಹೊರಗೆ ಕರಗಿದ ಹಿಮದ ಕೆಸರು. ಬೂಟುಗಳನ್ನೆಲ್ಲ ಬಾಗಿಲಲ್ಲೇ ಬಿಡಿಸಿದ್ದೆ. ನೆಡ್ರಾ ಅಡುಗೆಮನೆಯಲ್ಲಿ ಹಸಿರು ಜೆಲ್ಲಿ ಕತ್ತರಿಸುತ್ತ, "ಅತ್ತಿಗೆ, ಅವ್ನು ಇವತ್ತೂ ಅದನ್ನೇ ಹೇಳಿದ್ರೆ ನನ್ ಕೈಲಿ ಸುಮ್ನಿರಕ್ಕಾಗಲ್ಲ" ಎಂದಳು.

"ಅವನಿಗೆ ಹೇಳಿದ್ಯಾ?"

"ಬೆಳಿಗ್ಗೇನೇ ಹೇಳ್ದೆ. ಗೆಲ್ಲೋವರೆಗೆ ತಡ್ಕೋ ಅಂದ. ಗೆದ್ದು ಏನ್ ಮಾಡ್ತಾನೆ ಅತ್ತಿಗೆ? ಆ ಕಾನೂನಿಗೆ ಕೈ ಎತ್ತುತಾನೆ. ನಮ್ಮ ಶೆಲ್ಲೀನ್ ಈಗ ಮೂರು ತಿಂಗಳ ಬಸುರಿ. ನನ್ ಹೊಟ್ಟೇಲಿ ಹುಟ್ಟಿದೋಳು, ನನ್ ಹಾಗೇ ಆದ್ರೆ?"

ಅಷ್ಟರಲ್ಲಿ ಮಾರ್ಡನ್ ಬಾಗಿಲಲ್ಲಿ ನಿಂತಿದ್ದ. "ಎಲ್ಲಾ ಬಂದಿದಾರೆ. ನೆಡ್ರಾ, ಒಂದರ್ಧ ಗಂಟೆ ಕಣೇ. ನನಗೋಸ್ಕರ" ಎಂದ. ಅವಳು ಚಾಕು ತೊಳೆದಿಟ್ಟು, ಕೈ ಒರೆಸಿಕೊಂಡು ಅವನ ಹಿಂದೆ ಹೋದಳು. ನಾನೂ ಹೋಗಿ ಕೂತೆ.

ಅವನು ನೀರಿನ ಮಾತು ಮುಗಿಸುವಷ್ಟರಲ್ಲಿ ಟ್ವೈಲಾ ಲುಂಡ್ ಎದ್ದಳು. ಪ್ರತಿನಿಧಿಗಳಲ್ಲಿ ಅರ್ಧ ಜನ ಅವಳ ಮಾತು ಮೀರುವವರಲ್ಲ. "ಬ್ರದರ್ ಥೋರಪ್, ನೀರು ಇರ್ಲಿ. ವಿನಾಯಿತಿ ಅನ್ನೋ ಕಿಂಡಿ ಬಿಡ್ತೀರೋ, ಮುಚ್ತೀರೋ? ಸುತ್ತಿ ಬಳಸಿ ಹೇಳ್ಬೇಡಿ."

ಮಾರ್ಡನ್ ಹೆಂಡತಿಯ ಕಡೆ ನೋಡಲಿಲ್ಲ. "ಮುಚ್ತೀನಿ. ನಮಗೂ ಆ ಕಷ್ಟ ಬಂದಿತ್ತು. ಡಾಕ್ಟ್ರು ಹೇಳಿದ್ರೂ ನಾವು ಒಪ್ಪಲಿಲ್ಲ, ದೇವರಿಗೆ ಬಿಟ್ವಿ."

ಟ್ವೈಲಾ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಳು. ಇಷ್ಟಕ್ಕೇ ಸಭೆ ಮುಗಿದು ಎಲ್ಲರೂ ತಟ್ಟೆ ಹಿಡಿಯಬೇಕಿತ್ತು. ಆದರೆ ಲವಾರ್ ಅಜ್ಜ ಎದ್ದು ನಿಂತರು. ಜೀವನವೆಲ್ಲ ಚರ್ಚಿನ ಸಭೆ ನಡೆಸಿದವರು, ಎದ್ದರೆ ಅವರ ಬಾಯಿಗೆ ಬರುವುದು ಅದೊಂದೇ ಮಾತು. ಇದು ರಾಜಕೀಯ ಎನ್ನುವುದನ್ನೇ ಮರೆತರು.

"ಬ್ರದರ್ ಮಾರ್ಡನ್ ಥೋರಪ್ ಹೇಳಿದ್ದನ್ನ ಒಪ್ಪೋರು ಬಲಗೈ ಎತ್ತಿ" ಎಂದರು. ಅಭ್ಯಾಸಬಲ, ನನ್ನ ಕೈಯೂ ಅರ್ಧ ಎದ್ದಿತ್ತು, ನಾಚಿಕೆಯಾಗಿ ಇಳಿಸಿದೆ. "ವಿರೋಧಿಸೋರೂ ಹಾಗೇ ಎತ್ತಿ" ಎಂದವರು ಕೂರಲು ಹೋಗಿ ಅರ್ಧದಲ್ಲೇ ನಿಂತರು.

ನೆಡ್ರಾಳ ಕೈ ಮೇಲಿತ್ತು. ನೇರವಾಗಿ, ಅಲುಗಾಡದೆ.

ಅಜ್ಜ ಮೆತ್ತಗೆ, "ತಡವಾಗಿ ಎತ್ತಿದ್ಯೇನಮ್ಮಾ?" ಎಂದರು.

"ಇಲ್ಲ ಅಜ್ಜ. ಸರಿಯಾದ್ ಟೈಮಿಗೇ ಎತ್ತಿದೀನಿ."

"ನೆಡ್ರಾ, ಮನೇಲಿ ಮಾತಾಡೋಣ" ಎಂದ ಮಾರ್ಡನ್.

"ಮನೇಲಿ ಮಾತಾಡಿ ಆಯ್ತಲ್ಲ ಮಾರ್ಡನ್." ಅವಳು ಕೈ ಇಳಿಸಲಿಲ್ಲ. "ಮಗೂನ ದೇವರಿಗೆ ಬಿಟ್ಟಿದ್ರೆ ನಾನು ಇವತ್ತು ಈ ಕುರ್ಚೀಲಿ ಕೂತಿರ್ತಿರ್ಲಿಲ್ಲ. ಅದರ ಎದೆ ಬಡೀತಿತ್ತು. ನಾನೇ ಹೂಂ ಅಂದೆ. ದಿನಾ ನೆನಸ್ಕೋತೀನಿ. ನೀವು ಕಿಂಡಿ ಅಂತೀರಲ್ಲ ಟ್ವೈಲಾ, ನಾನು ಆ ಕಿಂಡಿಯಿಂದಾನೇ ಬದುಕಿ ಬಂದೋಳು."

ಟ್ವೈಲಾ ಪುನಃ ಎದ್ದು ನಿಂತಳು. "ಮತ್ತೆ ನಿಮ್ಮ ಯಜಮಾನ್ರು ಹೇಳಿದ್ದು?" ಎಂದಳು.

"ಅದನ್ನ ಅವನನ್ನೇ ಕೇಳಿ. ಆವತ್ತು ನನಗೆ ಕಣ್ಣು ಬಿಡಕ್ಕಾಗ್ತಿರ್ಲಿಲ್ಲ. ತಲೆ ಮೇಲೆ ಯಾರ ಕೈ ಇತ್ತು ಅಂತ ಅವನೇ ಹೇಳ್ಲಿ."

ಎಲ್ಲರೂ ಅವನತ್ತ ತಿರುಗಿದರು. ಇಷ್ಟು ವರ್ಷದಲ್ಲಿ ನನ್ನ ತಮ್ಮನ ಮೇಲೆ ನನಗೆ ಅಷ್ಟು ಸಿಟ್ಟೂ ಅಷ್ಟು ಕನಿಕರವೂ ಒಟ್ಟಿಗೆ ಬಂದದ್ದಿಲ್ಲ. ಹೆಂಡತಿಗೆ ಆಗ ಮೈಮೇಲೆ ಪ್ರಜ್ಞೆ ಇರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅರ್ಧ ಸಭೆ ಅವನನ್ನೇ ನಂಬುತ್ತಿತ್ತು. ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ.

"ನನ್ನವು" ಎಂದ. "ನಾನೇ ಬದುಕ್ತೀಯ ಅಂದಿದ್ದೆ."

ಆಮೇಲೆ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಟ್ವೈಲಾ ಬೂಟು ಹಾಕಿಕೊಂಡು ಹೊರಟಳು, ಅವಳ ಹಿಂದೆ ಬಹಳ ಜನ ಹೊರಟರು. ಮುಂದಿನ ತಿಂಗಳು ಪಕ್ಷದ ಸಭೆಯಲ್ಲಿ ಮಾರ್ಡನ್ ಮೊದಲ ಸುತ್ತಿನಲ್ಲೇ ಸೋತ. ಈಗ ಪೈಪು ಮಾರಿಕೊಂಡಿದ್ದಾನೆ. ನೆಡ್ರಾಳ ಜೊತೆ ಕೆಲವು ದಿನ ಮಾತಿಲ್ಲ, ಕೆಲವು ದಿನ ಮಾತೇ ಮಾತು.

ಆದರೆ ಆ ಸಂಜೆ ಲವಾರ್ ಅಜ್ಜ ಹೊರಡಲಿಲ್ಲ. ಹಾಗೇ ನಿಂತಿದ್ದರು. ನೆಡ್ರಾಳ ಕೈ ಇನ್ನೂ ಮೇಲಿತ್ತು. ಇಳಿಸಬೇಕೆನ್ನುವುದೇ ಅವಳಿಗೆ ಮರೆತಿತ್ತೇನೋ.

"ಇಷ್ಟು ವರ್ಷ ಕೇಳಿದೀನಮ್ಮಾ" ಎಂದರು ಅಜ್ಜ. "ಒಂದ್ಸಲಾನೂ ನೋಡಿರ್ಲಿಲ್ಲ."

ಮಾರ್ಡನ್ ಅವಳ ಕೈ ಹಿಡಿದು ಕೆಳಗಿಳಿಸಿದ. ಬಿಡಲಿಲ್ಲ.