ಸ್ವಾಮಿಯವರ ಲೋಪದೋಷಗಳ ಪಟ್ಟಿ ಸಲ್ಲಿಸಿದ ಬಗ್ಗೆ

ಮಾನ್ಯ ಓದುಗರೇ,

ಪ್ರಬಂಧವೆಂಬುದನ್ನು ನಾನು ಬರೆಯುತ್ತಿರುವುದು ಇದೇ ಪ್ರಥಮ. ಹೆಬ್ಬಾಳದ ಒಂದು ಸರ್ಕಾರಿ ಕಚೇರಿಯ ಟಪಾಲು ಶಾಖೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪತ್ರಗಳನ್ನೇ ಬರೆಯುತ್ತ ಬಂದಿರುವುದರಿಂದ, ಪ್ರೀತಿಯ ವಿಚಾರ ಬರೆಯಹೊರಟರೂ ಲೇಖನಿಯು ತಾನಾಗಿಯೇ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭಿಸಿಬಿಡುತ್ತದೆ. ಮದುವೆಗೆ ಮುಂಚೆ ನನ್ನ ಹೆಂಡತಿಗೆ ಬರೆದ ಏಕೈಕ ಪತ್ರದಲ್ಲೂ ವಿಷಯ ಮತ್ತು ಉಲ್ಲೇಖಗಳಿದ್ದವು. ಆಕೆ ಅದರ ಅಂಚಿನಲ್ಲಿ ‘ಒಪ್ಪಿದೆ’ ಎಂದು ಷರಾ ಬರೆದು ಹಿಂತಿರುಗಿಸಿದಳು. ಸುಖವಾಗಿದ್ದೇವೆ.

ಈ ಪತ್ರದ, ಕ್ಷಮಿಸಬೇಕು, ಈ ಪ್ರಬಂಧದ ವಿಷಯವು ಅಟ್ಟೂರಿನ ಕಡೆಯ ನಮ್ಮ ಚರ್ಚಿನ ಗುರುಗಳಾದ ಫಾದರ್ ಇನ್ನಾಸಪ್ಪನವರಿಗೆ ಸಂಬಂಧಿಸಿದೆ. ನಾವೆಲ್ಲ ಅವರನ್ನು ಸ್ವಾಮಿ ಎಂದೇ ಕರೆಯುವುದು. ಅವರ ಭಕ್ತಿಯ ಬಗ್ಗೆ ಯಾರಿಗೂ ಸಂಶಯವಿಲ್ಲ. ಅದರ ಕಾರ್ಯವಿಧಾನದ ಬಗ್ಗೆ ಮಾತ್ರ ಕೆಲವು ಆಕ್ಷೇಪಣೆಗಳಿದ್ದವು. ಉದಾಹರಣೆಗೆ, ಸಂಜೆ ಜಪಸರ ಹಿಡಿದು ಚರ್ಚಿನ ಅಂಗಳ ಸುತ್ತುವಾಗ ಎದುರಾದವರನ್ನೆಲ್ಲ ಮಾತಾಡಿಸಿ, ಯಾವ ಮಣಿಯಲ್ಲಿದ್ದೆನೆಂಬುದನ್ನು ಮರೆತು, ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಭಾನುವಾರದ ಪೂಜೆಯಲ್ಲಿ ನೀಡುವ ಉಪದೇಶ, ಅಂದರೆ ಪ್ರಬೋಧನೆಯಲ್ಲಿ ‘ಕೊನೆಯದಾಗಿ’ ಎಂಬ ಪದವನ್ನು ಮೂರು ಸಲ ಬಳಸುತ್ತಾರೆ. ಮೊದಲ ಸಲಕ್ಕೇ ಚಪ್ಪಲಿ ಹುಡುಕುವವರು ಹೊಸಬರು. ತಿಂಗಳ ಮೊದಲ ಶುಕ್ರವಾರದ ಮೌನ ಆರಾಧನೆಯಲ್ಲಿ ಮುಂದಿನ ಸಾಲಿನಲ್ಲಿ ಮೊಣಕಾಲೂರಿ, ಐದೇ ನಿಮಿಷಕ್ಕೆ ಗೊರಕೆ ಹೊಡೆಯುತ್ತಾರೆ. ಒಮ್ಮೆ ನಾನು ಇದನ್ನು ವಿನಯಪೂರ್ವಕವಾಗಿ ಅವರ ಗಮನಕ್ಕೆ ತಂದಾಗ, “ನೀನು ನಂಬದೇ ಇರೋರ ಮನೇಲಿ ನಿಂಗೆ ನಿದ್ದೆ ಬರುತ್ತೇನಯ್ಯ?” ಎಂದು ಕೇಳಿದರು. ಆಕ್ಷೇಪಣೆಯನ್ನು ಆ ಕೂಡಲೇ ಹಿಂಪಡೆದೆ.

ಅವರು ವಿಧಿಸುವ ಪ್ರಾಯಶ್ಚಿತ್ತಗಳೂ ವಿಚಿತ್ರ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸ್ಕೂಟರಿನಲ್ಲಿ ಕುಳಿತು ಕೆಟ್ಟ ಮಾತಿನಲ್ಲಿ ಬೈದೆನೆಂದು ನಾನು ಪಾಪನಿವೇದನೆ ಮಾಡಿಕೊಂಡಾಗ, ಎಲ್ಲ ಗುರುಗಳಂತೆ ಮೂರು ಪ್ರಾರ್ಥನೆ ಹೇಳೆನ್ನುವ ಬದಲು, “ನಾಳೆ ಅದೇ ಜಾಗದಲ್ಲಿ ಹತ್ತು ಗಾಡಿಗೆ ದಾರಿ ಬಿಡು” ಎಂದರು. ಆ ಸೇತುವೆಯ ಪರಿಚಯವಿರುವವರಿಗೆ ವಿವರಣೆ ಅನಗತ್ಯ. ಒಂದಕ್ಕೆ ಬಿಟ್ಟರೆ ಅದರ ಬಾಲ ಹಿಡಿದು ಏಳು ನುಗ್ಗುತ್ತವೆ. ಕಚೇರಿ ತಲುಪುವಷ್ಟರಲ್ಲಿ ಅರ್ಧ ದಿನದ ರಜೆ ಹೋಗಿತ್ತು. ಪಾಪ ಪೂರ್ತಿ ಹೋಗಿತ್ತು.

ಹೀಗಿರುವಾಗ, ಸ್ವಾಮಿಯವರು ನಮ್ಮಲ್ಲಿಗೆ ಬಂದು ಆರು ವರ್ಷ ತುಂಬಿದ್ದರಿಂದ ಅವರಿಗೆ ವರ್ಗಾವಣೆಯಾಗಲಿದೆ ಎಂಬ ಸುದ್ದಿ ಬಂದಿತು. ಊರಿಗೆ ಊರೇ ಮಂಕಾಯಿತು. ನನ್ನ ಸಂಕಟ ಸ್ವಲ್ಪ ಹೆಚ್ಚಿನದು. ಪ್ರಾರ್ಥನೆಯೆಂದರೆ ಮನವಿಪತ್ರವೆಂದೇ ತಿಳಿದಿದ್ದ ನನಗೆ, ದೇವರ ಹತ್ತಿರ ಏನೂ ಕೇಳದೆ ಸುಮ್ಮನೆ ಕುಳಿತು ಬರಬಹುದೆಂದು ಕಲಿಸಿದವರು ಅವರು. ಜೊತೆಗೆ, ಹೊಸಬರು ಬಂದರೆ ನನ್ನ ಪಾಪಗಳ ಹಿನ್ನೆಲೆಯನ್ನೆಲ್ಲ ಮೊದಲಿನಿಂದ ವಿವರಿಸಬೇಕಲ್ಲ!

ಬಿಷಪರಿಗೆ ಮನವಿ ಸಲ್ಲಿಸುವುದೆಂದು ಚರ್ಚಿನ ಪಾಲನಾ ಸಮಿತಿಯಲ್ಲಿ ತೀರ್ಮಾನವಾಗಿ, ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ಸ್ವಾಮಿಯವರ ಭಕ್ತಿ, ತ್ಯಾಗ, ಸೇವೆಗಳನ್ನು ನಾಲ್ಕು ಪುಟ ಹೊಗಳಿ, ಸಮಿತಿಯ ಉಪಾಧ್ಯಕ್ಷೆ ಜ್ಞಾನಮ್ಮ ಟೀಚರಿಗೆ ಓದಿ ಹೇಳಿದೆ. ನಿವೃತ್ತರಾದರೂ ಅವರ ಕಣ್ಣಿನಲ್ಲಿ ಬೆತ್ತ ಇನ್ನೂ ಇದೆ.

“ಏನ್ರೀ ಬರ್ದಿದೀರಾ ಇದು? ಇದನ್ನ ಓದಿದ್ರೆ ಬಿಷಪ್ಪರು ಸ್ವಾಮೀನ ನಾಳೇನೇ ಯಾವ್ದಾದ್ರೂ ದೊಡ್ಡ ಚರ್ಚಿಗೆ ಕರ್ಕೊಂಡು ಹೋಗ್ತಾರೆ ಅಷ್ಟೇ!”

ನಾನು ಬೆಚ್ಚಿಬಿದ್ದೆ. ನಮ್ಮ ಕಚೇರಿಯ ಅನುಭವವೂ ಅದೇ ಅಲ್ಲವೇ? ಗೌಪ್ಯ ವರದಿಯಲ್ಲಿ ‘ಅತ್ಯುತ್ತಮ’ ಎನಿಸಿಕೊಂಡ ಅಧಿಕಾರಿ ಆರು ತಿಂಗಳು ಉಳಿದದ್ದಿಲ್ಲ. ‘ಸಾಧಾರಣ’ ಎನಿಸಿಕೊಂಡವರು ಅದೇ ಕುರ್ಚಿಯಲ್ಲಿ ಮೊಮ್ಮಕ್ಕಳನ್ನು ಕಂಡಿದ್ದಾರೆ. ಆ ರಾತ್ರಿಯೇ ನಾಲ್ಕು ಪುಟ ಹರಿದು, ಸ್ವಾಮಿಯವರ ಲೋಪದೋಷಗಳನ್ನು ಕ್ರಮಸಂಖ್ಯೆಯೊಂದಿಗೆ ಪಟ್ಟಿ ಮಾಡಿದೆ. ಜಪಸರ, ಪ್ರಬೋಧನೆ, ಗೊರಕೆ, ಪ್ರಾಯಶ್ಚಿತ್ತ ಇತ್ಯಾದಿ ಒಟ್ಟು ಹದಿನಾಲ್ಕಾದವು. ಇಂಥವರನ್ನು ಬೇರೆಯವರ ಮೇಲೆ ಹೇರುವುದು ನ್ಯಾಯವಲ್ಲವಾದ್ದರಿಂದ, ಅಭ್ಯಾಸವಾಗಿರುವ ನಮ್ಮಲ್ಲಿಯೇ ಮುಂದುವರಿಸಬೇಕೆಂದು ಕೋರಿದೆ. ಟೀಚರು ಓದಿ, “ಈಗ ನೋಡಿ, ಮನುಷ್ಯರ ಥರ ಬರ್ದಿದೀರಾ” ಎಂದರು.

ತಪ್ಪಾದದ್ದು ಆಮೇಲೆ. ಯಾವುದೇ ಮನವಿ ಸೂಕ್ತ ಮಾರ್ಗದಲ್ಲಿ, ಅಂದರೆ ಸ್ಥಳೀಯ ಅಧಿಕಾರಿಯ ಮೂಲಕವೇ ಹೋಗತಕ್ಕದ್ದು ಎಂಬುದು ನನ್ನ ರಕ್ತಗತ ನಿಯಮ. ಬಿಷಪರಿಗೆ ಹೋಗಬೇಕಾದ ಪತ್ರದ ಸೂಕ್ತ ಮಾರ್ಗ ಯಾರು? ಸ್ವಾಮಿಯವರೇ. ಅಭ್ಯಾಸಬಲದಿಂದ ಲಕೋಟೆಯನ್ನು ಅವರ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತ ಮೇಲೆಯೇ ನಾನೇನು ಮಾಡಿದೆನೆಂದು ನನಗೆ ಹೊಳೆದದ್ದು. ಅಷ್ಟರಲ್ಲಿ ಅವರು ಕನ್ನಡಕ ಹಾಕಿಕೊಂಡಾಗಿತ್ತು.

ನಿಧಾನವಾಗಿ ಹದಿನಾಲ್ಕನ್ನೂ ಓದಿದರು.

“ನಾನೂ ಚಿಕ್ಕಂದಿನಿಂದ ನನ್ನ ಪಾಪನಿವೇದನೆ ಮಾಡ್ತಾ ಇದೀನಿ ಕಣಯ್ಯ,” ಎಂದರು ಕೊನೆಗೆ. “ಇಷ್ಟು ಚೆನ್ನಾಗಿ ಒಂದ್ಸಲಾನೂ ಮಾಡಿಲ್ಲ.”

“ಸ್ವಾಮಿ, ಅದು... ನೀವು ಹೋಗ್ಬಾರ್ದು ಅಂತ...”

“ಗೊತ್ತಾಯ್ತು ಬಿಡು. ಆದ್ರೆ ಎರಡನೇದು ತಪ್ಪು. ಕೊನೆಯದಾಗಿ ಅನ್ನೋದು ಮೂರಲ್ಲ, ನಾಲ್ಕು ಸಲ. ಸುಳ್ಳು ಹೋಗ್ಬಾರ್ದು ನಮ್ಮ ಚರ್ಚಿಂದ.” ಮೂರನ್ನು ಹೊಡೆದು ನಾಲ್ಕು ಮಾಡಿ, ಹದಿನೈದನೆಯದಾಗಿ ‘ಜನರ ಮೇಲೆ ಅತಿ ಮೋಹ’ ಎಂದು ತಾವೇ ಸೇರಿಸಿ, ಕೆಳಗೆ ‘ಪರಿಶೀಲಿಸಿದೆ, ಎಲ್ಲವೂ ನಿಜ’ ಎಂದು ಸಹಿ ಹಾಕಿ ಚರ್ಚಿನ ಮೊಹರು ಒತ್ತಿದರು. ಮೊಹರು ಒಣಗುವ ಮುಂಚೆ ಆ ಹದಿನೈದನೆಯದನ್ನು ಅವರು ಇನ್ನೊಮ್ಮೆ ಓದಿಕೊಂಡರೆಂದು ಈ ಮೂಲಕ ದೃಢೀಕರಿಸುತ್ತೇನೆ.

ಪತ್ರವನ್ನು ಅಂದೇ ಬಿಷಪರಿಗೆ ರವಾನಿಸಿ ಎರಡು ವಾರ ಕಾದೆ. ಮೂರನೆಯ ಭಾನುವಾರ ಪೂಜೆಯ ಕೊನೆಯಲ್ಲಿ ಸ್ವಾಮಿಯವರು ಬಿಷಪರ ಉತ್ತರವನ್ನು ತಾವೇ ಓದಿದರು: ಸದರಿ ಗುರುಗಳು ಪಟ್ಟಿಯಲ್ಲಿ ಕಾಣಿಸಿದ ಲೋಪಗಳನ್ನೆಲ್ಲ ತಿದ್ದಿಕೊಳ್ಳುವವರೆಗೆ ಅಲ್ಲಿಯೇ ಮುಂದುವರಿಯತಕ್ಕದ್ದು, ಅವನ್ನು ಬೇರೆ ಚರ್ಚಿಗೆ ಒಯ್ಯಲು ಅನುಮತಿ ಇರುವುದಿಲ್ಲ. ಚರ್ಚಿನೊಳಗೆ ಚಪ್ಪಾಳೆ ತಟ್ಟಬಾರದೆಂದು ಸದಾ ಗದರುವ ಜ್ಞಾನಮ್ಮ ಟೀಚರೇ ಮೊದಲು ತಟ್ಟಿದ್ದು.

ಅಂದಿನಿಂದ ನಮ್ಮ ಊರಿನ ಧಾರ್ಮಿಕ ಜೀವನ ಬಹಳ ಎಚ್ಚರಿಕೆಯಿಂದ ನಡೆಯುತ್ತಿದೆ. ಸ್ವಾಮಿಯವರು ಎಲ್ಲಿ ಸುಧಾರಿಸಿಬಿಡುತ್ತಾರೋ ಎಂಬ ಭಯ. ಒಂದು ಭಾನುವಾರ ಅವರು ಹತ್ತೇ ನಿಮಿಷದಲ್ಲಿ ಪ್ರಬೋಧನೆ ಮುಗಿಸಿದಾಗ ಎಲ್ಲರ ಎದೆ ಧಸಕ್ಕೆಂದಿತು. ಟೀಚರು ಎದ್ದು ನಿಂತು, “ಸ್ವಾಮಿ, ಏನೂ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ” ಎಂದು ಪರಿಸ್ಥಿತಿಯನ್ನು ಕಾಪಾಡಿದರು.

ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ದೋಷಗಳನ್ನು ಕೂಡಲೇ ನೀಗಿಸಬೇಕೆಂದು ದೇವರಿಗೆ ‘ತುರ್ತು’ ಎಂದು ನಮೂದಿಸಿ ಬೇಡುವುದನ್ನು ನಿಲ್ಲಿಸಿದ್ದೇನೆ. ಒಳ್ಳೆಯವರಿಗೆ ಮೇಲಿನಿಂದ ಬೇಗ ಕರೆ ಬರುತ್ತದೆಂದು ಹಿರಿಯರು ಹೇಳುತ್ತಾರೆ. ನನಗೆ ಐವತ್ತನಾಲ್ಕಾದರೂ ಈ ಭೂಮಿಯಿಂದ ಯಾವುದೇ ವರ್ಗಾವಣೆ ಆದೇಶ ಸ್ವೀಕೃತವಾಗಿಲ್ಲ. ಮೇಲೆಯೂ ಯಾರೋ ನನ್ನ ಲೋಪದೋಷಗಳ ಪಟ್ಟಿಯನ್ನು ಪ್ರೀತಿಯಿಂದ ಬಾಕಿ ಇಟ್ಟುಕೊಂಡಿದ್ದಾರೆಂದು ಭಾವಿಸಿ, ಆತುರಪಡದೆ ತಿದ್ದಿಕೊಳ್ಳುತ್ತಿದ್ದೇನೆ.