ಬಾಯಿ ಆಡಿಸಿದ ಹಾಡು

ಸೊರಬದ ಕಡೆ ಭತ್ತದ ಕೊಯ್ಲು ಮುಗಿಯಿತು ಎಂಬ ಸುದ್ದಿ ಬಂದರೆ ಸಾಕು, ಶಿಕಾರಿಪುರದ ಕಡೆಯ ನಮ್ಮ ಕೇರಿ ಅರ್ಧ ಖಾಲಿಯಾಗುತ್ತಿದ್ದ ಕಾಲ ಅದು. ಕುರಿ ಇದ್ದವರೆಲ್ಲ ಮಂದೆ ಹೊಡೆದುಕೊಂಡು ಹೊರಡೋರು. ಕೊಯ್ದ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆ ನೆಲಕ್ಕೆ, ಮೇವು ಕುರಿಗೆ, ಗದ್ದೆಯವರು ಕೊಡುವ ಕಾಳು ನಮಗೆ. ಅಪ್ಪ ಅವ್ವ ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದರೆ ಮಳೆಗಾಲದ ಹೊತ್ತಿಗೇ ವಾಪಸು. ಶಾಲೆ ತಪ್ಪಬಾರದೆಂದು ನನ್ನನ್ನು ಅಜ್ಜಿಯ ಹತ್ತಿರ ಬಿಡುತ್ತಿದ್ದರು. ಅವರು ಹೋದ ಮೇಲೂ ವಾರಗಟ್ಟಲೆ ಮನೆಯಲ್ಲಿ ಕುರಿಯ ವಾಸನೆ ಇರುತ್ತಿತ್ತು. ನನ್ನ ಲಂಗದಲ್ಲೂ ಇರುತ್ತಿತ್ತು. ಅದು ವಾಸನೆ ಅಂತ ನನಗೆ ಗೊತ್ತಾದದ್ದೇ ಶಾಲೆಗೆ ಹೋದ ಮೇಲೆ.

ನನ್ನದು ಅವ್ವನ ಗಂಟಲು. ದಪ್ಪ, ಸ್ವಲ್ಪ ಒಡಕು, ಕೂಗಿದರೆ ಕೆರೆಯಾಚೆ ಕೇಳುವಂಥದು. ಅವ್ವ ದಿಬ್ಬದ ಮೇಲೆ ನಿಂತು ಒಂದು ಸಲ ಕೂಗಿದರೆ ಎಲ್ಲೋ ಬೇಲಿಯೊಳಗೆ ತಲೆ ತೂರಿಸಿದ ಕುರಿಯೂ ಬಾಯಲ್ಲಿದ್ದ ಸೊಪ್ಪು ಬಿಟ್ಟು ಓಡಿ ಬರೋದು. ನಾನು ಕೂಗಿದರೂ ಬರುತ್ತಿದ್ದವು. ಕಣ್ಣಾಮುಚ್ಚಾಲೆಯಲ್ಲಿ "ಬಿಟ್ಟೇ ಬಿಟ್ಟೇ" ಅಂತ ಕೂಗುವ ಕೆಲಸ ಯಾವಾಗಲೂ ನನ್ನದೇ. ಬೀದಿಯಲ್ಲಿ ಆ ದನಿಗೆ ಬೆಲೆ ಇತ್ತು ನೋಡಿ. ಕೆಟ್ಟದ್ದು ಹಾರ್ಮೋನಿಯಮ್ಮಿನ ಮುಂದೆ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಎರಡೂ ತಾಲ್ಲೂಕಿನ ಶಾಲೆಗಳಿಗೆ ಸೇರಿಸಿ ಸೊರಬದಲ್ಲಿ ಗುಂಪುಗಾಯನ ಸ್ಪರ್ಧೆ ಇಟ್ಟರು. ನಮ್ಮ ಅಕ್ಕೋರಿಗೆ, ಆಗ ಟೀಚರಿಗೆ ನಾವು ಹಾಗೇ ಅನ್ನುತ್ತಿದ್ದದ್ದು, ಹಾಡೆಂದರೆ ಪ್ರಾಣ. ಸುಗ್ಗಿಯ ಮೇಲೆ ತಾವೇ ಒಂದು ಹಾಡು ಕಟ್ಟಿ ಆರು ಹುಡುಗಿಯರನ್ನು ಆರಿಸಿದರು. ಅದರಲ್ಲಿ ನಾನಿರಲಿಲ್ಲ. ಹೋಗುವ ವಾರವೇ ಒಬ್ಬಳಿಗೆ ಮಂಗನಬಾವು ಬಂದು ಕೆನ್ನೆ ಊದಿಕೊಂಡಿತು. ಆರು ಜನ ಇಲ್ಲದಿದ್ದರೆ ತಂಡವನ್ನೇ ಸೇರಿಸಿಕೊಳ್ಳೋದಿಲ್ಲ ಅನ್ನೋದು ಅಲ್ಲಿಯ ನಿಯಮ. ಹಾಡು ಪೂರ್ತಿ ಬಾಯಿಗೆ ಬರುತ್ತಿದ್ದದ್ದು ಕಿಟಕಿಯಾಚೆ ನಿಂತು ದಿನಾ ಕೇಳಿಸಿಕೊಳ್ಳುತ್ತಿದ್ದ ನನಗೊಬ್ಬಳಿಗೇ.

ಸೇರಿಸಿಕೊಂಡರು. ಎಷ್ಟು ಖುಷಿಯಾಯಿತೆಂದರೆ ಮೊದಲ ಸಾಲನ್ನೇ ದಿಬ್ಬದ ಮೇಲೆ ನಿಂತವಳ ಹಾಗೆ ಎತ್ತಿಬಿಟ್ಟೆ. ಹಾರ್ಮೋನಿಯಂ ನಿಂತಿತು. "ಯಾರೇ ಅದು, ಟಗರು ನುಗ್ಗಿದಂಗೆ!" ಎಂದಳು ಪಕ್ಕದವಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅಳಬೇಕಾಗಿತ್ತಲ್ಲ.

ಅಕ್ಕೋರು ಕೆಟ್ಟವರಲ್ಲ. ಎಲ್ಲರನ್ನೂ ಹೊರಗೆ ಕಳಿಸಿ ನನ್ನ ಜಡೆ ಸರಿಮಾಡುತ್ತಾ ಹೇಳಿದರು:

"ನೋಡವ್ವ, ನಿನ್ನ ಗಂಟ್ಲು ಬ್ಯಾರೆ ಥರ. ಇವ್ರ ಜೊತಿಗೆ ಕೂಡಂಗಿಲ್ಲ. ನೀನು ಸಾಲಲ್ಲಿ ನಿಂತ್ಕೋ, ಬರೇ ಬಾಯಿ ಆಡ್ಸು. ಯಾರ್ಗೂ ಗೊತ್ತಾಗಲ್ಲ. ಶಾಲೆ ಮರ್ಯಾದಿ ನಿನ್ನ ಕೈಯಾಗೈತೆ."

ಶಾಲೆಯ ಮರ್ಯಾದೆ ನನ್ನ ಕೈಯಲ್ಲಿದ್ದದ್ದು ಅದೊಂದೇ ಸಲ. ಅಜ್ಜಿಯ ಪುಟ್ಟ ಕನ್ನಡಿಯ ಮುಂದೆ ನಿಂತು ಬಾಯಿ ಆಡಿಸುವುದನ್ನು ಕಲಿತೆ. ಹುಬ್ಬು ಎತ್ತುವುದು, ಉಸಿರು ಎಳೆದುಕೊಳ್ಳುವುದು, ಕೊನೆಯ ಅಕ್ಷರಕ್ಕೆ ತುಟಿ ಅಗಲಿಸುವುದು, ಒಂದನ್ನೂ ಬಿಡಲಿಲ್ಲ. ನಿಜವಾಗಿ ಹಾಡುತ್ತಿದ್ದವರಿಗಿಂತ ನಾನೇ ಚೆನ್ನಾಗಿ ಹಾಡುವವಳ ಹಾಗೆ ಕಾಣುತ್ತಿದ್ದೆ. ಕಳ್ಳತನವನ್ನೂ ಶ್ರದ್ಧೆಯಿಂದ ಮಾಡುವ ಜಾತಿ ನನ್ನದು.

ಅಜ್ಜಿಗೆ ಇದ್ಯಾವುದೂ ಗೊತ್ತಿಲ್ಲ. ಮೊಮ್ಮಗಳು ಸೊರಬದಲ್ಲಿ ಹಾಡುತ್ತಾಳೆ ಎಂದು ಅಲ್ಲೇ ಹತ್ತಿರದ ಉಳವಿ ಕಡೆ ಹೊರಟವರ ಕೈಲಿ ಅವ್ವನಿಗೆ ಹೇಳಿ ಕಳಿಸಿದ್ದಳು. ಆ ಸಲ ನಮ್ಮ ಮಂದೆ ಉಳವಿ ಹತ್ತಿರದ ಗದ್ದೆಗಳಲ್ಲಿತ್ತು.

ವೇದಿಕೆ ಹತ್ತಿದಾಗಲೇ ನಾನು ಅವ್ವನನ್ನು ನೋಡಿದ್ದು. ಹಿಂದಿನ ಬಾಗಿಲಲ್ಲಿ, ಕಂಬಳಿ ಹೊದ್ದು, ಮೊಣಕಾಲಿನ ತನಕ ಧೂಳು. ಪಕ್ಕ ಕೂತಿದ್ದ ಹೆಂಗಸೊಬ್ಬಳು ಸೆರಗು ಮೂಗಿಗೆ ಹಿಡಿದು ಕುರ್ಚಿ ಸರಿಸಿಕೊಂಡಳು. ಅದೂ ಕಾಣಿಸಿತು. ಅವ್ವ ಬಂದಳಲ್ಲ ಅಂತ ಖುಷಿ ಒಂದು ಕಡೆ, ಇವಳು ಯಾಕಾದರೂ ಬಂದಳೋ ಅಂತ ಒಂದು ಕಡೆ. ಎರಡನೆಯದೇ ಹೆಚ್ಚಿತ್ತು, ಸುಳ್ಳು ಯಾಕೆ ಹೇಳಲಿ.

ಹಾಡು ಶುರುವಾಯಿತು. ಬಾಯಿ ಆಡಿಸಿದೆ. ಎರಡನೇ ಚರಣದಲ್ಲಿ ರಾಗ ಒಂದು ಕಡೆ ಬಹಳ ಕೆಳಗೆ ಇಳಿಯುತ್ತಿತ್ತು. ಅಲ್ಲಿಗೆ ಬಂದಾಗ ಉಳಿದವರ ದನಿಗಳೆಲ್ಲ ಸಣ್ಣಗಾಗಿ, ಗಾಳಿಯಷ್ಟೇ ಉಳಿಯೋದು. ಆ ಜಾಗ ನನ್ನ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಕಿಟಕಿಯಾಚೆ ನಿಂತಾಗಲೆಲ್ಲ ಅದನ್ನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ. ಅವತ್ತೂ ಉಸಿರು ಎದ್ದು ಗಂಟಲ ತನಕ ಬಂತು. ಬಿಟ್ಟಿದ್ದರೆ ಆಗುತ್ತಿತ್ತು. ಅಕ್ಕೋರು ಹಾರ್ಮೋನಿಯಂ ನುಡಿಸುತ್ತಲೇ ನನ್ನ ಕಡೆ ನೋಡಿದರು. ನುಂಗಿಕೊಂಡೆ. ತುಟಿ ಮಾತ್ರ ಚೆನ್ನಾಗಿ ಅಗಲಿಸಿದೆ.

ನಮಗೆ ಮೊದಲ ಬಹುಮಾನ ಬಂತು. ಸ್ಟೀಲ್ ಲೋಟ ಹಿಡಿದುಕೊಂಡು ಕೆಳಗಿಳಿಯುವಷ್ಟರಲ್ಲಿ ಅವ್ವ ಜನರನ್ನು ತಳ್ಳಿಕೊಂಡು, ಕುರಿ ಕೂಗುವ ಅದೇ ಗಂಟಲಲ್ಲಿ ಕೂಗುತ್ತಾ ಬಂದಳು.

"ಎಲ್ಲಾರ್ದೂ ಒಂದ್ ಕಡಿಗೆ, ನಿಂದೇ ಒಂದ್ ಕಡಿಗೆ ಕಣವ್ವಾ! ಬಾಗ್ಲಾಗೆ ನಿಂತಿದ್ದೆ, ಅಲ್ಲೀಗಂಟ ಕೇಳಿಸ್ತು ನಿನ್ನ ದನಿ!"

ಹಿಂದೆ ನಿಂತಿದ್ದ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕಿಸಕ್ಕೆಂದರು. "ಹೆತ್ತೋರಿಗೆ ಹೆಗ್ಗಣ ಮುದ್ದು" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಅವ್ವನಿಗೂ ಕೇಳಿಸಿರಬೇಕು, ಅವಳದನ್ನು ತಮಾಷೆ ಅಂದುಕೊಂಡು ನಕ್ಕಳು. ಆಮೇಲೆ ಅಕ್ಕೋರ ಕಡೆ ತಿರುಗಿದಳು.

"ಇದು ನಮ್ಮ ಮನೆತನದ ಗಂಟ್ಲು ರೀ ಅಕ್ಕೋರೆ. ನಮ್ಮವ್ವಂದೂ ಇದೇಯ, ನಂದೂ ಇದೇಯ. ನಾವು ಬರೇ ಕುರಿ ಕೂಗಿದ್ವಿ. ನೀವು ಅದನ್ನ ಹಾಡಿಗೆ ಹಚ್ಚಿದ್ರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ."

ಹಾಗಂದವಳೇ ಬಗ್ಗಿ ಅಕ್ಕೋರ ಕಾಲು ಮುಟ್ಟಿದಳು. ತನಗಿಂತ ಚಿಕ್ಕವರ ಕಾಲು.

"ಅಯ್ಯೋ, ಏಳ್ರಿ, ಏಳ್ರಿ" ಎಂದರು ಅಕ್ಕೋರು. ಅವರ ಮುಖ ಸುಣ್ಣ ಬಳಿದಂತಾಗಿತ್ತು. ನನ್ನನ್ನು ನೋಡಲಾಗದೆ ಲೋಟ ನೋಡುತ್ತಾ, "ಹೂಂ, ಚೆನ್ನಾಗ್ ಹಾಡ್ತಾಳೆ" ಎಂದರು. ಆ ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನಾಚಿಕೆಯಾದದ್ದು ಅವ್ವನ ಕಂಬಳಿಗೋ, ಅವಳ ಕೂಗಿಗೋ, ನನ್ನ ಮೋಸಕ್ಕೋ ಬಿಡಿಸಿ ಹೇಳಲಾರೆ. ಎಲ್ಲ ಒಂದೇ ಗಂಟಾಗಿ ಕೂತಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಕೊಡಿಸಿದಳು. ಕಾಗದದ ಪೊಟ್ಟಣಕ್ಕೆ ಎಣ್ಣೆ ಇಳಿದು ಘಮಘಮ ಅನ್ನುತ್ತಿತ್ತು. ತಾನು ತಿನ್ನದೆ ನನ್ನ ಬಾಯನ್ನೇ ನೋಡುತ್ತಾ ಕೂತಳು. ತಿಂಗಳ ಮೇಲೆ ನೋಡುತ್ತಿದ್ದಳಲ್ಲ. ಅವಳ ಕಿವಿಗೆ ಕೇಳಿಸಿದ್ದಾದರೂ ಏನು ಅಂತ ನನಗೆ ತಡೆಯಲಾಗಲಿಲ್ಲ.

"ಅವ್ವ, ನಂದು ಎಲ್ಲಿ ಕೇಳಿಸ್ತು?"

"ಎಲ್ಲಾ ಕಡೀಗೂ ಕೇಳಿಸ್ತು. ಆದ್ರೂ ಕೆಳಕ್ಕೆ ಇಳೀತೈತಲ್ಲ ಒಂದ್ ಕಡೆ, ಅವು ಎಲ್ಲಾ ಸಣ್ಣಗಾದ್ವಲ್ಲ, ಅಲ್ಲಿ ನೀನೊಬ್ಳೇ ಇದ್ದೆ ನೋಡು. ಮೈ ಝುಂ ಅಂತು."

ಹೇಳಬೇಕಿದ್ದದ್ದು ಆಗ. ನಾನು ಬಾಯಿ ತುಂಬ ಮಂಡಕ್ಕಿ ತುರುಕಿಕೊಂಡೆ. "ನಿಧಾನ ತಿನ್ನೇ, ಯಾರೂ ಕಸ್ಕಳಲ್ಲ" ಎಂದು ಬೆನ್ನು ಸವರಿದಳು.

ಆಮೇಲೆ ನಾನು ಹಾಡಲಿಲ್ಲ. ಕೂಗಲೂ ಇಲ್ಲ. ಮಳೆಗಾಲಕ್ಕೆ ಮಂದೆ ಊರಿಗೆ ಬಂದಾಗ ಅವ್ವ ದಿಬ್ಬ ತೋರಿಸಿ "ಒಂದು ಕೂಗು ಹಾಕೇ" ಅಂದರೆ ಶಿಳ್ಳೆ ಹೊಡೆಯುತ್ತಿದ್ದೆ. ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಅಕ್ಕೋರು ಮಾತ್ರ, ಪಾಪಪ್ರಜ್ಞೆಯೋ ಏನೋ, ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡು ಹಾರ್ಮೋನಿಯಂ ಹೇಳಿಕೊಟ್ಟರು. ಅದರ ಕಪ್ಪು ಬಿಳಿ ಮನೆಗಳನ್ನು ಯಾರು ಒತ್ತಿದರೂ ಆಯಾ ಮನೆಗೆ ಅದರದೇ ಸ್ವರ, ಅದರಲ್ಲಿ ಯಾರ ಮನೆತನದ ಗಂಟಲೂ ಇಲ್ಲ. ಆ ಪೆಟ್ಟಿಗೆಯ ಹಿಂದೆ ಅಡಗಿಕೊಂಡವಳು ಅಡಗಿಕೊಂಡೇ ಸಂಗೀತ ಸಂಯೋಜಕಿಯಾದೆ.

ಈಚೆಗೆ ನನ್ನದೊಂದು ಆಲ್ಬಂ ಬಂದಿದೆ. ಬರೀ ವಾದ್ಯಗಳು. ಕೊಳಲು, ಪಿಟೀಲು, ಹಾರ್ಮೋನಿಯಂ. ಕಣ್ಣು ಮುಚ್ಚಿಕೊಂಡು ಕೇಳುವಂಥವು ಅನ್ನುತ್ತಾರೆ. ಸಂದರ್ಶನಕ್ಕೆ ಬಂದವರೆಲ್ಲ ಇದರ ಸ್ಫೂರ್ತಿ ಏನು, ಒಂದರಲ್ಲೂ ಹಾಡುವ ದನಿ ಯಾಕಿಲ್ಲ ಎಂದು ಕೇಳುತ್ತಾರೆ. ಮಾತು ಮುಗಿದಲ್ಲಿ ಸಂಗೀತ ಶುರು, ಮೌನವೇ ನನ್ನ ಗುರು ಅಂತೆಲ್ಲ ಹೇಳಿ ಕಳಿಸಿದ್ದೇನೆ. ಥೂ! ಅದರಲ್ಲೊಂದು ರಚನೆಯಿದೆ. ರಾಗ ಕೆಳಕ್ಕೆ ಇಳಿದು ಬರುತ್ತದೆ, ಇನ್ನೇನು ತಳ ಮುಟ್ಟಬೇಕು, ಅಲ್ಲಿ ಮುಖ್ಯ ಸ್ವರವನ್ನೇ ತೆಗೆದುಬಿಟ್ಟಿದ್ದೇನೆ. ಶ್ರುತಿಯೊಂದೇ ಹರಿಯುತ್ತದೆ. ಆ ಖಾಲಿ ಜಾಗ ಎಷ್ಟು ಧ್ಯಾನಸ್ಥವಾಗಿದೆ ಎಂದು ಮೆಚ್ಚಿ ಬರೆದವರಿದ್ದಾರೆ. ಧ್ಯಾನವಂತೆ. ಅಲ್ಲೊಬ್ಬಳು ಹುಡುಗಿ ತುಟಿ ಅಗಲಿಸಿಕೊಂಡು ನಿಂತಿದ್ದಾಳೆ, ಅಷ್ಟೇ.

ಊರಿಗೆ ಹೋದಾಗ ಅವ್ವನಿಗೆ ಅದನ್ನು ಕೇಳಿಸಿದೆ. ಅವಳೀಗ ನನ್ನ ತಮ್ಮನ ಮನೆಯಲ್ಲಿ ಮೊಮ್ಮಕ್ಕಳ ಮೇಲೆ, ಕುರಿಮರಿಗಳ ಮೇಲೆ ಒಟ್ಟಿಗೇ ಅಧಿಕಾರ ನಡೆಸಿಕೊಂಡು ಗಟ್ಟಿಯಾಗಿದ್ದಾಳೆ. ಕಟ್ಟೆಯ ಮೇಲೆ ಸ್ಪೀಕರ್ ಇಟ್ಟೆ. ತಲೆದೂಗುತ್ತಾ ಕೇಳಿದಳು. ರಾಗ ಇಳಿಯತೊಡಗಿದ್ದೇ ಅವಳ ಬೆನ್ನು ನೆಟ್ಟಗಾಯಿತು. ಏನೋ ಕೇಳಲು ಬಂದ ಮೊಮ್ಮಗನ ಬಾಯಿಗೆ ಕೈ ಅಡ್ಡ ಹಿಡಿದು "ಶ್! ತಡಿಯೋ, ಈಗ ಬರ್ತಾಳೆ ನಿಮ್ಮತ್ತೆ" ಎಂದಳು.

ಖಾಲಿ ಜಾಗ ಬಂತು. ಅವ್ವ ಸ್ಪೀಕರಿನ ಹತ್ತಿರಕ್ಕೆ ಕಿವಿ ಒಯ್ದಳು. ಖಾಲಿ ಜಾಗ ಹೋಯಿತು. ಮುಗಿಯುವ ತನಕ ಹಾಗೇ ಕಾದಳು.

"ಎಲ್ಲಾ ಚೆನ್ನಾಗೈತವ್ವ. ನೀನ್ಯಾಕೆ ಬರಲೇ ಇಲ್ಲ?"

"ಇದರಾಗೆ ನಾನಿಲ್ಲವ್ವ."

"ಯಾಕೆ, ಗಂಟ್ಲು ಕಟ್ಟಿತ್ತೇನು?"

ಈಗಲಾದರೂ ಹೇಳಬಹುದಿತ್ತು. ಕೂದಲು ನೆರೆತಿದೆ, ನಾಲ್ಕು ಜನ ಹೆಸರು ಹೇಳುತ್ತಾರೆ, ಇನ್ಯಾವ ಶಾಲೆಯ ಮರ್ಯಾದೆ ನನ್ನ ಕೈಲಿದೆ? "ಹೂಂ" ಅಂದೆ. ಅವ್ವ ಒಳಗೆ ಹೋಗಿ ಮೆಣಸಿನ ಕಷಾಯಕ್ಕೆ ನೀರಿಟ್ಟಳು.

ಈಗ ಮೊನ್ನೆ ಹುಟ್ಟಿದ ಕೂಸಿನ ಅಳುವೂ ಮೊಬೈಲಿನಲ್ಲಿ ಉಳಿಯುತ್ತದೆ. ಏಳನೇ ಕ್ಲಾಸಿನ ಆ ಹುಡುಗಿಯ ದನಿ ಎಲ್ಲೂ ಉಳಿದಿಲ್ಲ. ಈಗ ಬಾಗಿಲು ಹಾಕಿಕೊಂಡು ಪ್ರಯತ್ನಿಸಿದರೆ ಬರುವುದು ಬಳಸದೆ ಬಿಟ್ಟ ಗಂಟಲೊಂದರ ಗೊರಗೊರ. ಅವಳು ಹೇಗೆ ಹಾಡುತ್ತಿದ್ದಳೋ ನನಗೇ ಗೊತ್ತಿಲ್ಲ. ಗೊತ್ತಿರುವುದು ಅವ್ವನಿಗೊಬ್ಬಳಿಗೆ. ಅವಳು ಕೇಳಿದ್ದು ನಾನು ಹಾಡದೇ ಇದ್ದದ್ದನ್ನು.